ನೀಲಕ್ಕನ ಮಾಳಿಗೆ

ಸಮುದ್ರ ಕಂಡ ಕೂಡಲೇ ನೀಲಾಂಬಿಕಾ ಹಿಪ್ಪರಗಿಯವರ ರಕ್ತದೊತ್ತಡ ನೂರಾ ಎಪ್ಪತ್ತೆರಡಕ್ಕೆ ಏರಿತು.

ಹನ್ನೊಂದು ವರ್ಷಗಳ ನನ್ನ ಸಂಶೋಧನೆಗೆ ಆವತ್ತು ಸರಿಯಾದ ಮಂಗಳಾರತಿ ಆಯಿತು. ಅದುವರೆಗೆ ಆ ಸಮುದ್ರವನ್ನು ಕಂಡವರೆಲ್ಲ ತಣ್ಣಗಾಗಿದ್ದರು. ಆಂಬುಲೆನ್ಸ್ ಓಡಿಸುವವರಾಗಲಿ, ಮದುವೆ ಮಂಟಪದ ಮ್ಯಾನೇಜರಾಗಲಿ, ತಲೆಗೆ ಪಟ್ಟಿ ಕಟ್ಟಿ ಕಣ್ಣು ಮುಚ್ಚಿಸಿದರೆ ನಾಲ್ಕು ನಿಮಿಷಕ್ಕೆ ಎದೆಬಡಿತ ಇಳಿಯುತ್ತಿತ್ತು. ಒಬ್ಬ ಬಸ್ ಕಂಡಕ್ಟರಂತೂ ಗೊರಕೆ ಹೊಡೆದಿದ್ದ. ನೀಲಾಂಬಿಕಾ ಮಾತ್ರ ಒರಗುಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡೇ ಗಾಳಿಯಲ್ಲಿ ಕೈಯಾಡಿಸತೊಡಗಿದರು. ಏನನ್ನೋ ಹುಡುಕುತ್ತಿದ್ದರು. ಮೂರನೆಯ ನಿಮಿಷಕ್ಕೆ ಪಟ್ಟಿ ಕಿತ್ತು ಎದ್ದು ಕೂತರು.

"ಇಷ್ಟು ನೀರು ಯಾರು ಬಿಟ್ಟಾರ್ರಿ? ವಾಲ್ವ್ ಎಲ್ಲದ? ಎಡಕ ನೋಡಿದೆ, ಬಲಕ ನೋಡಿದೆ, ಎಲ್ಲೂ ಇಲ್ಲ. ಸುಮ್ಮ ಹರದು ಹೊಂಟದ!"

"ಅದು ಸಮುದ್ರ. ಅದು ಹಾಗೇ ಇರುತ್ತದೆ," ಎಂದೆ.

"ಇರ್ಲಿ ಬಿಡ್ರಿ. ನನ್ ಕೈಲೆ ನೋಡ್ಲಿಕ್ಕ ಆಗಂಗಿಲ್ಲ," ಎಂದು ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡರು.

ನೀಲಾಂಬಿಕಾ ವಿಜಯಪುರದ ನೀರು ಹಂಚುವ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೂತವರು. ಊರಿಗೆಲ್ಲ ಅವರು ನೀಲಕ್ಕ. ಆ ಕೇಂದ್ರದ ಗೋಡೆಯ ಮೇಲೆ ನಾನೂರ ಹನ್ನೆರಡು ವಾಲ್ವ್‌ಗಳ ದೀಪಗಳಿವೆ. ಯಾವ ಓಣಿಗೆ ಎಷ್ಟು ಹೊತ್ತಿಗೆ ನೀರು ಬಿಡಬೇಕೆಂದು ಯಂತ್ರವೇ ಹೇಳುತ್ತದೆ. ಹಿಂದೊಮ್ಮೆ ಫೋನು ಎತ್ತುವ ಕೆಲಸವನ್ನೂ ಯಂತ್ರಕ್ಕೇ ಕೊಟ್ಟಿದ್ದರಂತೆ. ಅದು ಜೇನಿನಂಥ ದನಿಯಲ್ಲಿ "ನಿಮ್ಮ ಸಹನೆಗೆ ಧನ್ಯವಾದ" ಅನ್ನುತ್ತಿತ್ತು. ಜನರಿಗೆ ಮೈಯೆಲ್ಲ ಉರಿದುಹೋಯಿತು. ಮೂರು ಸಾವಿರ ಮಂದಿ ಸಹಿ ಹಾಕಿ ಅರ್ಜಿ ಕೊಟ್ಟರು: ಬೈಯಲು ನಮಗೆ ಒಬ್ಬ ಮನುಷ್ಯ ಬೇಕು. ಆ ಮನುಷ್ಯರೇ ನೀಲಕ್ಕ. ದಿನಕ್ಕೆ ಮುನ್ನೂರು ಫೋನು.

ಗುಳಿಗೆ ನುಂಗುತ್ತಿದ್ದರು, ಸಾಲುತ್ತಿರಲಿಲ್ಲ. ಕೇಂದ್ರದ ವೈದ್ಯರು ಕೊನೆಯ ಗಡುವು ಕೊಟ್ಟಿದ್ದರು. ನಲವತ್ತೈದನೆಯ ದಿನ, ಪಾಳಿ ಮುಗಿಸಿ ನನ್ನ ತಲೆಪಟ್ಟಿ ಕಟ್ಟಿಕೊಂಡೆದ್ದ ಮೇಲೆ, ರಕ್ತದೊತ್ತಡ ನೂರಾ ನಲವತ್ತಕ್ಕಿಂತ ಕೆಳಗಿರಬೇಕು. ಇಲ್ಲದಿದ್ದರೆ ಆ ಕುರ್ಚಿಯಿಂದ ಎಬ್ಬಿಸಿ ಕಡತಗಳ ಕೋಣೆಗೆ ಕಳಿಸುತ್ತಾರೆ. ಅಲ್ಲಿ ಫೋನಿಲ್ಲ, ದೀಪಗಳಿಲ್ಲ, ಸಂಬಳ ಅಷ್ಟೇ ಬರುತ್ತದೆ. ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು.

"ಕಡತದ ಕೋಣ್ಯಾಗ ನನ್ನ ಯಾರ್ರಿ ಮಾತಾಡ್ಸವ್ರು?" ಎಂದು ನೀಲಕ್ಕ ಕೇಳಿದ್ದರು. "ಆ ಕುರ್ಚಿ ಬಿಡ್ಸಿದ್ರ ನಾ ಸತ್ತಂಗೇ. ಏನಾರ ಮಾಡ್ರಿ ಡಾಕ್ಟರ್ ಬಾಯಾರ."

ಏನಾದರೂ ಮಾಡುವುದೇ ನನ್ನ ಕೆಲಸ. ನಾವು 'ಬಿಡದಿ' ಎಂದು ಹೆಸರಿಟ್ಟ ಈ ತಲೆಪಟ್ಟಿಯ ಗುಟ್ಟು ದೊಡ್ಡದೇನಲ್ಲ. ಬೇಸತ್ತಾಗ ಕಣ್ಣು ಮುಚ್ಚಿ ಇಷ್ಟದ ಜಾಗವೊಂದನ್ನು ನೆನೆಯುವುದು ಎಲ್ಲರೂ ಮಾಡುವುದೇ. ತೊಂದರೆಯೆಂದರೆ ಆ ಜಾಗ ಹತ್ತು ಸೆಕೆಂಡು ನಿಲ್ಲುವುದಿಲ್ಲ. ನದಿಯ ದಂಡೆಯಲ್ಲಿ ಕೂತಿರುತ್ತೀರಿ, ಅಷ್ಟರಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಯೋಚನೆ ಬಂದು ನದಿಯೇ ಮಾಯ. ನಮ್ಮ ಪಟ್ಟಿ ಮಿದುಳಿನ ಅಲೆಗಳನ್ನು ಓದುತ್ತಿರುತ್ತದೆ. ಚಿತ್ರ ಅಲುಗಾಡಿದ ಕೂಡಲೇ ಸಣ್ಣ ಮಿಡಿತ ಕೊಟ್ಟು ಅದನ್ನು ನಿಲ್ಲಿಸುತ್ತದೆ. ಅಲ್ಲಿನ ವಾಸನೆ, ಸದ್ದು, ಮುಟ್ಟಿದ ಅನುಭವ ಎಲ್ಲವನ್ನೂ ಗುರುತುಗಳಾಗಿ ಇಟ್ಟುಕೊಳ್ಳುತ್ತದೆ. ಮರುದಿನ ಕಟ್ಟಿಕೊಂಡರೆ ಅದೇ ಜಾಗ, ಬಿಟ್ಟಲ್ಲಿಂದಲೇ. ದಿನಕ್ಕೆ ಹನ್ನೆರಡು ನಿಮಿಷ. ನಿಯಮ ಎರಡೇ. ಒಂದು ಪಟ್ಟಿ ಒಬ್ಬರಿಗೇ. ಆ ಜಾಗದಲ್ಲಿ ಬೇರೆ ಯಾರೂ ಇರಕೂಡದು.

ಎರಡನೆಯ ನಿಯಮ ಬರೆದವಳು ನಾನು, ಸುಗಂಧಿ ಶೇರಿಗಾರ್. ಕುಂದಾಪುರದ ಹತ್ತಿರ ಹದಿಮೂರು ಜನರಿದ್ದ ಮನೆಯಲ್ಲಿ ಬೆಳೆದವಳು. ಬಚ್ಚಲಿಗೂ ಸರತಿ, ಬಾಚಣಿಗೆಗೂ ಜಗಳ. ಒಂದು ಗಳಿಗೆ ಒಬ್ಬಳೇ ಕೂರಬೇಕೆಂದರೆ ಕಡಲದಂಡೆಗೇ ಓಡಬೇಕಿತ್ತು. ನೆಮ್ಮದಿ ಎಂದರೆ ಯಾರೂ ಇಲ್ಲದಿರುವುದು ಎಂದು ಎಂಟನೆಯ ವಯಸ್ಸಿನಲ್ಲೇ ತೀರ್ಮಾನಿಸಿದ್ದೆ. ಆಮೇಲೆ ಓದಿದ್ದೆಲ್ಲ ಅದಕ್ಕೆ ಪುರಾವೆ ಹುಡುಕಲು ಅಷ್ಟೇ ಎಂದು ಈಗ ಅನ್ನಿಸುತ್ತದೆ.

ಸಮುದ್ರ ಬೇಡವೆಂದಾಗ ನೀಲಕ್ಕನಿಗೆ ಬೆಟ್ಟದ ತುದಿ ತೋರಿಸಿದೆ. ಅಷ್ಟು ಎತ್ತರಕ್ಕೆ ನೀರೇರಿಸುವ ಮೋಟಾರು ಯಾವುದೆಂದು ಕೇಳಿದರು. ಹೂದೋಟಕ್ಕೆ ಕಳಿಸಿದೆ. ಇದಕ್ಕೆ ದಿನಾ ಎಷ್ಟು ಕೊಡ ಬೇಕು ಎಂದು ಲೆಕ್ಕ ಹಾಕುತ್ತ ಕೂತರು. ಹಿಮದ ಪರ್ವತಕ್ಕೆ ಕಳಿಸಿದಾಗ, "ಎಲ್ಲಾ ಕರಗಿ ಹೊಂಟದಲ್ರಿ, ಕೆಳಗ ಒಂದು ಬಕೇಟ್‌ನಾರ ಇಡಬಾರದಾ?" ಎಂದು ನನ್ನನ್ನೇ ಬೈದರು.

"ನೀರೇ ಇಲ್ಲದ ಜಾಗ ಯಾವುದಾದರೂ ನಿಮಗೆ ಗೊತ್ತಿದೆಯೇ?" ಎಂದು ಸೋತು ಕೇಳಿದೆ.

"ನಮ್ಮ ತವರುಮನಿ ಮ್ಯಾಳಗಿ ಅದರಿ. ಮಣ್ಣಿನ ಮ್ಯಾಳಗಿ. ಸಂಜೀ ಮುಂದ ಏಣಿ ಹತ್ತಿ ಕುಂತ್ರ ಗಾಳಿ ಭಾಳ ಛಲೋ ಬೀಸ್ತಿತ್ತು. ಅಲ್ಲಿ ಒಂದು ಹನಿ ನೀರು ಚೆಲ್ಲಂಗಿರ್ಲಿಲ್ಲ. ಚೆಲ್ಲಿದ್ರ ಸೋರ್ತದಂತ ನಮ್ಮಪ್ಪ ಬೈತಿದ್ದ."

"ಅಲ್ಲಿಗೇ ಹೋಗಿ. ಒಬ್ಬರೇ ಹೋಗಿ," ಎಂದೆ.

ಮೊದಲ ದಿನ ನೂರಾ ಅರವತ್ತಾರು, ಮೂರನೆಯ ದಿನ ನೂರಾ ಅರವತ್ತಮೂರು. ಅಲ್ಲಿಗೇ ನಿಂತುಬಿಟ್ಟಿತು. ಮಾಳಿಗೆಯ ಚಿತ್ರ ಗಟ್ಟಿಯಾಗಿತ್ತು, ಬೆಳಕಿಂಡಿಯ ಕಲ್ಲು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತಂತೆ. ಅಭ್ಯಾಸವಾದರೆ ಇಳಿಯಬಹುದೆಂದು ಪಟ್ಟಿಯನ್ನು ಅವರ ಮನೆಗೇ ಕೊಟ್ಟು ಕಳಿಸಿದೆ. ದಿನವೂ ಸಂಜೆ ಆರಕ್ಕೆ, ಪಾಳಿ ಮುಗಿಸಿ ಮನೆಗೆ ಹೋದ ಮೇಲೆ, ಬಾಗಿಲು ಮುಚ್ಚಿಕೊಂಡು ಕಟ್ಟಿಕೊಳ್ಳಬೇಕು.

ಎರಡನೆಯ ವಾರದಲ್ಲಿ ಪವಾಡ ಶುರುವಾಯಿತು. ನೂರಾ ಐವತ್ತೆಂಟು. ನೂರಾ ಐವತ್ತೊಂದು. ನೂರಾ ನಲವತ್ತೈದು. ನಾನು ಪ್ರಯೋಗಾಲಯದಲ್ಲಿ ಎಲ್ಲರಿಗೂ ಪೇಡೆ ಹಂಚಿದೆ. ನೀಲಕ್ಕ ಫೋನಿನಲ್ಲಿ ನನ್ನನ್ನು ಹೊಗಳಿದ್ದೇ ಹೊಗಳಿದ್ದು.

"ನಿಮ್ಮ ಯಂತ್ರ ಭಾಳ ಶಾಣ್ಯಾ ಅದರಿ ಬಾಯಾರ. ಮೊನ್ನಿ ನಾ ಹೋಗೂದ್ರಾಗ ಮ್ಯಾಳಗಿ ಕಸ ಹೊಡದಿತ್ತು. ನಿನ್ನಿ ಒಂದು ಕೌದಿ ಹಾಸಿತ್ತು. ಇವತ್ತ ಒಂದು ಹೂಜಿ ಇತ್ತು ನೋಡ್ರಿ, ಮ್ಯಾಲ ಲೋಟ ಬೋರಲು ಹಾಕಿತ್ತು. ತಣ್ಣನ್ನ ನೀರು!"

"ನಮ್ಮ ಯಂತ್ರ ಕಸ ಹೊಡೆಯುವುದಿಲ್ಲ," ಎಂದೆ.

"ಹೊಡೀತದರಿ. ನಾ ಕಣ್ಣಾರೆ ನೋಡೀನಿ."

ನನಗೆ ಅನುಮಾನ ಬಂತು. ಪಟ್ಟಿಯ ದಾಖಲೆ ತೆರೆದು ನೋಡಿದೆ. ದಿನಕ್ಕೆ ಹನ್ನೆರಡು ನಿಮಿಷ ಓಡಬೇಕಾದ ಪಟ್ಟಿ ಒಂದು ಗಂಟೆಗೂ ಹೆಚ್ಚು ಓಡುತ್ತಿತ್ತು. ಬೆಳಿಗ್ಗೆ ಹತ್ತೂವರೆ, ಹನ್ನೊಂದು, ಮಧ್ಯಾಹ್ನ ಎರಡು. ಆ ಹೊತ್ತಿಗೆ ನೀಲಕ್ಕ ಕೇಂದ್ರದಲ್ಲಿ ಕೂತು ಬೈಸಿಕೊಳ್ಳುತ್ತಿರುತ್ತಾರೆ. ಮರುದಿನ ಹನ್ನೊಂದಕ್ಕೆ ಸರಿಯಾಗಿ ಅವರ ಮನೆಗೆ ಹೋದೆ.

ಬಾಗಿಲು ತೆರೆದೇ ಇತ್ತು. ಪಡಸಾಲೆಯ ಮಂಚದ ಮೇಲೆ ನೀಲಕ್ಕನ ಅತ್ತೆ ಬಾಳವ್ವ ನನ್ನ ಪಟ್ಟಿಯನ್ನು ತಲೆಗೆ ಕಟ್ಟಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಅವರ ಬೆರಳುಗಳು ಗಾಳಿಯಲ್ಲಿ ಸೂಜಿ ಆಡಿಸುತ್ತಿದ್ದವು. ಪಕ್ಕದಲ್ಲಿ ನೆರೆಮನೆಯ ಜೈತುನಬಿ ತಮ್ಮ ಸರತಿಗಾಗಿ ಕಾಯುತ್ತ ಕೂತಿದ್ದರು. ನೀಲಕ್ಕನ ಗಂಡ ರಾಚಪ್ಪ ಹೊಲಿಗೆ ಯಂತ್ರದ ಮುಂದೆ ಕೂತವರು ಸದ್ದಾಗದಂತೆ ಎದ್ದು ನನಗೆ ಕುರ್ಚಿ ಹಾಕಿದರು.

"ಹಗೂರಕ ಕೂಡ್ರಿ," ಎಂದು ಜೈತುನಬಿ ಪಿಸುಗುಟ್ಟಿದರು. "ಬಾಳವ್ವಾಯಿ ಮ್ಯಾಳಗಿ ಮ್ಯಾಲ ಅದಾರ. ಇನ್ನ ನಾಕು ನಿಮಿಷಕ್ಕ ಇಳೀತಾರ."

"ಒಂದು ಪಟ್ಟಿ ಒಬ್ಬರಿಗೇ ಎಂದು ನಾನು ಬರೆದುಕೊಟ್ಟಿದ್ದೆನಲ್ಲ!" ನನ್ನ ದನಿ ಏರಿತು.

ರಾಚಪ್ಪ ನಿಜವಾಗಿ ಆಶ್ಚರ್ಯಪಟ್ಟರು. "ಮನಿಗೆ ಒಂದು ವಸ್ತು ಬಂದಮ್ಯಾಗ ಒಬ್ರೇ ಇಟ್ಕೊಂಡು ಕುಂದ್ರೂದು ಛಂದ ಕಾಣ್ತದೇನ್ರಿ? ನಮ್ಮನಿಗೆ ಫ್ರಿಜ್ ಬಂದಾಗ ಓಣ್ಯಾಗಿನ ಮಂದಿ ಹಿಟ್ಟೆಲ್ಲಾ ಇಲ್ಲೇ ಇಡ್ತಿದ್ರು. ಆಗ ಯಾರೂ ಏನೂ ಅಂದಿಲ್ಲ."

ಅಷ್ಟರಲ್ಲಿ ಬಾಳವ್ವ ಕಣ್ಣು ಬಿಟ್ಟರು. ಬೈಗುಳಕ್ಕೆ ತಯಾರಾಗಿದ್ದ ನನ್ನ ಬಾಯಿ ಅವರ ಮುಖ ನೋಡಿ ಮುಚ್ಚಿತು. ಅಷ್ಟು ಹಗುರಾಗಿದ್ದ ಮುಖವನ್ನು ನಾನು ನನ್ನ ಪ್ರಯೋಗಾಲಯದಲ್ಲಿ ಕಂಡಿರಲಿಲ್ಲ.

"ಯಾರು, ಡಾಕ್ಟರಬಾಯಿ ಏನ? ಬಾ ಯವ್ವಾ, ಕೂಡು. ಮೊಣಕಾಲು ನೋವಂತ ಎಂಟು ವರ್ಷ ಆತು ನಾ ಏಣಿ ಹತ್ತಿಲ್ಲ. ನಿನ್ನ ಪಟ್ಟಿ ಪುಣ್ಯಾದಿಂದ ದಿನಾ ಹತ್ತತೀನಿ. ಮೊದಲ ಸಲ ಹೋದಾಗ ಏನು ಕಸ ಅಂತಿ! ಸೊಸಿ ದಿನಾ ದಣದು ಬಂದು ಆ ಕಸದಾಗ ಕುಂದ್ರಬೇಕೇನ? ಹೊಡದು ಬಂದೆ. ಮರದಿವ್ಸ ಕೌದಿ ಹಾಸಿದೆ. ದಿನಾ ಒಂದು ಹಳೇ ಬಟ್ಟಿ ತುಂಡು ಹಚ್ಚತೀನಿ ಅದಕ."

ಜೈತುನಬಿ ಅಲ್ಲಿ ಹಳೆಯ ಸೀರೆ ಹಾಸಿ ಶಾವಿಗೆ ಒಣಹಾಕಿದ್ದರಂತೆ. ನೀಲಕ್ಕನಿಗೆ ಅದರ ವಾಸನೆ ಎಂದರೆ ಜೀವ. ಹೂಜಿ ಇಟ್ಟವರು ರಾಚಪ್ಪ. "ಊರಿಗೆಲ್ಲಾ ನೀರು ಬಿಡ್ತಾಳ್ರಿ ಆಕಿ. ತಾ ಕುಡಿಯೂದು ಮರೀತಾಳ," ಎಂದು ತಲೆ ತಗ್ಗಿಸಿದರು.

ಆಗಿದ್ದೇನೆಂದು ನನಗೆ ಹೊಳೆಯಿತು. ಪಟ್ಟಿಯಲ್ಲಿದ್ದುದು ನೀಲಕ್ಕನ ಮಾಳಿಗೆಯ ಗುರುತುಗಳು. ಅದನ್ನು ಯಾರು ಕಟ್ಟಿಕೊಂಡರೂ ಅದೇ ಗಾಳಿ, ಅದೇ ಬಿಸಿಲಿಳಿದ ಮಣ್ಣಿನ ವಾಸನೆ. ಅವರು ಅಲ್ಲಿ ಏನು ಮುಟ್ಟಿದರೋ ಅದೂ ಗುರುತಾಗಿ ಸೇರಿಕೊಳ್ಳುತ್ತಿತ್ತು. ಸಂಜೆ ನೀಲಕ್ಕ ಹೋದಾಗ ಅವೆಲ್ಲ ಅಲ್ಲೇ ಇರುತ್ತಿದ್ದವು. ಒಬ್ಬರ ಮನಸ್ಸಿನ ಜಾಗಕ್ಕೆ ಇಡೀ ಓಣಿ ಹೋಗಿ ಬರುತ್ತಿತ್ತು.

ಇಂಥದನ್ನು ಕಂಡಾಗ ಒಳ್ಳೆಯ ವಿಜ್ಞಾನಿ ಕುಣಿಯಬೇಕು. ನಾನು ಹೆದರಿದೆ. ಪ್ರಯೋಗ ಹಾಳಾಯಿತು, ಅಂಕಿಗಳೆಲ್ಲ ಕಲಬೆರಕೆ, ಯಾರು ಒಪ್ಪುತ್ತಾರೆ ಎಂದು ಗಾಬರಿಯಾಗಿ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಅವರು ಕೊಟ್ಟ ಚಹಾವನ್ನೂ ಅರ್ಧಕ್ಕೇ ಬಿಟ್ಟೆ. ಸಂಜೆಯೊಳಗೆ ಮಾಳಿಗೆಯೊಂದನ್ನು ಬಿಟ್ಟು ಉಳಿದ ಗುರುತುಗಳನ್ನೆಲ್ಲ ಅಳಿಸಿಹಾಕಿದೆ. ಅವನ್ನು ಮತ್ತೆ ತರುವ ದಾರಿಯಿಲ್ಲ.

ಇನ್ನು ಮುಂದೆ ದಿನಾ ಪ್ರಯೋಗಾಲಯಕ್ಕೇ ಬಂದು ಪಟ್ಟಿ ಕಟ್ಟಿಕೊಳ್ಳಬೇಕೆಂದು ನೀಲಕ್ಕನಿಗೆ ಹೇಳಿ, ನಡೆದದ್ದನ್ನೂ ತಿಳಿಸಿದೆ.

"ಹಂಗಾದ್ರ ಅದು ಯಂತ್ರ ಮಾಡಿದ್ದಲ್ಲ," ಎಂದರು. "ನಮ್ಮತ್ತಿ ಕೌದಿನಾ ಅದು!" ಅವರ ಮುಖ ಅರಳಿತು. ನಾನು ಅದನ್ನು ಅಳಿಸಿದ್ದೇನೆಂದು ಹೇಳಿದ ಮೇಲೆ ಬಾಡಿತು.

ಬರಿದಾದ ಮಾಳಿಗೆಗೆ ಹೋಗಿಬಂದ ಮೊದಲ ಸಂಜೆ ನೂರಾ ಐವತ್ತೆರಡು. ಎರಡನೆಯ ಸಂಜೆ ನೂರಾ ಐವತ್ತೆಂಟು. ಒಂದು ವಾರಕ್ಕೆ ನೂರಾ ಅರವತ್ತೈದು. ಗಡುವಿಗೆ ಉಳಿದಿದ್ದು ಒಂಬತ್ತು ದಿನ. ನಾನೇ ಏರಿಸಿದ ಒತ್ತಡ ಅದು, ಗುಳಿಗೆಯ ಮೇಲೂ ಕೆಲಸದ ಮೇಲೂ ಹಾಕಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಕಾರಣ ತಿಳಿಯದೆ ಒಂದು ಇಡೀ ದಿನ ಅವರ ಪಕ್ಕದಲ್ಲಿ ಕೇಂದ್ರದಲ್ಲೇ ಕೂತೆ. ಗೋಡೆಯ ತುಂಬ ದೀಪಗಳು, ಮೇಜಿನ ಮೇಲೆ ಬಿಡುವಿಲ್ಲದ ಫೋನು. ನೀಲಕ್ಕ ಯಂತ್ರದ ಸಲಹೆಯನ್ನು ಓರೆಗಣ್ಣಿನಿಂದ ನೋಡುತ್ತ, ಅದು ತಪ್ಪೆನಿಸಿದರೆ ತಮಗೆ ಸರಿಕಂಡಂತೆ ಗುಂಡಿ ಒತ್ತುತ್ತ, ಎಲ್ಲರೊಂದಿಗೂ ಮಾತಾಡುತ್ತಿದ್ದರು.

"ಹಲೋ... ಹೌದ್ರಿ, ನೀಲಕ್ಕನೇ. ನಾಳಿ ನಿಮ್ಮ ಮಗಳಿಗೆ ಬಳಿ ತೊಡಿಸೂ ಶಾಸ್ತ್ರ ಅಲ್ರಿ? ಗೊತ್ತದ, ಒಂದು ತಾಸು ಮದ್ಲೇ ಬಿಡ್ತೀನಿ... ಹಲೋ... ನಿಮ್ಮ ಓಣ್ಯಾಗ ಪೈಪ್ ಒಡದದ, ಮಂದಿ ಕಳಿಸೀನಿ, ಅಲ್ಲಿತನಾ ಪಕ್ಕದ ಓಣಿ ನಳದಿಂದ ತುಂಬ್ಕೋರಿ, ನಾ ಅವ್ರಿಗೆ ಹೇಳೀನಿ..."

ಮಧ್ಯಾಹ್ನ ಹನ್ನೆರಡಕ್ಕೆ ನಿವೃತ್ತ ಶಿಕ್ಷಕ ಗುರುಸಿದ್ದಪ್ಪ ಮಾಸ್ತರರ ಫೋನು ಬಂತು. ಹದಿನಾರು ವರ್ಷಗಳಿಂದ ದಿನವೂ ಅದೇ ಹೊತ್ತಿಗೆ ಮಾಡುತ್ತಾರಂತೆ. ಹತ್ತು ನಿಮಿಷ ನೀರಿನ ಬಣ್ಣಕ್ಕೆ, ರುಚಿಗೆ, ಬರುವ ರಭಸಕ್ಕೆ ಬೈದರು. ನೀಲಕ್ಕ ಹೂಂಗುಟ್ಟುತ್ತ ಕೇಳಿದರು.

"ಇವರಿಂದಲೇ ನಿಮಗೆ ಒತ್ತಡ," ಎಂದೆ ಫೋನು ಇಟ್ಟ ಮೇಲೆ.

"ಏ, ಮಾಸ್ತರು ಒಂದಿನ ಬೈಲಿಲ್ಲಂದ್ರ ನನಗ ಚಿಂತಿ ಹತ್ತತದ. ಅವ್ರ ಮನ್ಯಾಗ ಮಾತಾಡವ್ರು ಯಾರೂ ಇಲ್ಲ." ಅವರು ಕುರ್ಚಿಗೆ ಒರಗಿ ಗೋಡೆಯ ದೀಪಗಳನ್ನು ನೋಡಿದರು. "ಮಂದಿ ಬೈದದ್ದು ನನಗ ತಾಗಂಗಿಲ್ರಿ ಬಾಯಾರ. ಹತ್ತೊಂಬತ್ತು ವರ್ಷಾತು, ಮಂದಿಗೆ ಏನ್ ಬೇಕಂತ ವಿಚಾರ ಮಾಡೂದೇ ನನ್ನ ಕೆಲ್ಸ. ಕಣ್ಣು ಮುಚ್ಚಿದ್ರೂ ಅದೇ ವಿಚಾರ. ಆ ಮ್ಯಾಳಗಿ ಮ್ಯಾಲ ಹೋದ್ರ, ನನಗ ಏನ್ ಬೇಕಂತ ಯಾರೋ ವಿಚಾರ ಮಾಡಿ ಇಟ್ಟಿರ್ತಿದ್ರು. ಅದನ್ನ ನೋಡಿದ್ರ ಎದಿ ಹಗರ ಆಗ್ತಿತ್ತು. ಈಗ ಅಲ್ಲಿ ಹೋದ್ರೂ ನಾ ಒಬ್ಬಾಕೀನೇ. ಮತ್ತ ನಾನೇ ಕಸ ಹೊಡೀಬೇಕು."

ಹನ್ನೊಂದು ವರ್ಷ ಓದಿದ್ದು ನನಗೆ ಹೇಳಿಕೊಡದ ಪಾಠವನ್ನು ಅವರು ಎರಡು ಫೋನುಗಳ ನಡುವೆ ಹೇಳಿ ಮುಗಿಸಿದರು. ನನಗೆ ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯೂ ಆಯಿತು. ತಪ್ಪು ಎಲ್ಲಿದೆಯೆಂದು ತಿಳಿದಾಗ ಆಗುವ ಖುಷಿ ಬೇರೆಯೇ.

"ಪಟ್ಟಿ ಸ್ವಲ್ಪ ಕೆಟ್ಟಿದೆ, ರಿಪೇರಿಗೆ ಒಯ್ಯುತ್ತೇನೆ. ನಲವತ್ತೈದನೆಯ ದಿನ ನೇರವಾಗಿ ಬನ್ನಿ," ಎಂದು ನೀಲಕ್ಕನಿಗೆ ಸುಳ್ಳು ಹೇಳಿದೆ. ಮರುದಿನ ಅವರು ಪಾಳಿಗೆ ಹೋದ ಮೇಲೆ ಪಟ್ಟಿ ಹಿಡಿದು ಅವರ ಮನೆಗೆ ಹೊರಟೆ. ನಿಯಮ ಬರೆದವಳೇ ಅದನ್ನು ಮುರಿಯಲು ಹೊರಟಿದ್ದೆ. ಆಟೋದಲ್ಲಿ ಕೂತು ಒಬ್ಬಳೇ ನಗುತ್ತಿದ್ದೆನೆಂದು ಕಾಣುತ್ತದೆ. ಆಟೋದವನು ಕನ್ನಡಿಯಲ್ಲಿ ಎರಡು ಸಲ ನೋಡಿದ.

"ಎಲ್ಲ ಮತ್ತೆ ಮೊದಲಿನಿಂದ ಇಡಬೇಕು. ನೀಲಕ್ಕನಿಗೆ ಗೊತ್ತಾಗಬಾರದು," ಎಂದೆ ಪಡಸಾಲೆಯಲ್ಲಿದ್ದ ಮೂವರಿಗೂ.

ಬಾಳವ್ವ ನನ್ನನ್ನು ಒಂದು ಮಾತೂ ಬೈಯಲಿಲ್ಲ. "ಮದ್ಲ ಆ ಚಾ ಪೂರಾ ಕುಡಿ," ಎಂದರು.

ಮೊದಲ ದಿನ ಮೂವರೇ. ಎರಡನೆಯ ದಿನ ಓಣಿಯವರು ಬಂದರು. ಮೂರನೆಯ ದಿನ ಊರಿನವರು ಬರತೊಡಗಿದರು. ಸುದ್ದಿ ಹೇಗೆ ಹಬ್ಬಿತೋ ತಿಳಿಯದು. ಹೊಲಿಯಲು ಬಟ್ಟೆ ತಂದವರಿಗೆಲ್ಲ ರಾಚಪ್ಪ ಹೇಳಿದ್ದರೆಂದು ನನ್ನ ಅನುಮಾನ. ನೀಲಕ್ಕನ ದನಿಯನ್ನಷ್ಟೇ ಬಲ್ಲವರು, ಮುಖ ನೋಡದವರು, ಅಂಗಳದಲ್ಲಿ ಚಪ್ಪರ ಹಾಕಿಸುವಷ್ಟು ಜನ. ಗುರುತುಗಳಿಗೆ ಮಿತಿ ಇದೆ, ಹೆಚ್ಚಾದರೆ ಚಿತ್ರ ಒಡೆಯುತ್ತದೆ ಎಂದು ಒಬ್ಬರಿಗೆ ಒಂದೇ ವಸ್ತು ಎಂದು ಸಾರಿದೆ. ಒಬ್ಬರು ತಮ್ಮ ಎಮ್ಮೆಯನ್ನು ಹತ್ತಿಸುತ್ತೇನೆಂದು ಹಟ ಹಿಡಿದರು.

"ಎಮ್ಮಿ ಹತ್ತಿದ್ರ ಮ್ಯಾಳಗಿ ಕುಸೀತದೋ ತಮ್ಮಾ," ಎಂದು ಬಾಳವ್ವ ತಡೆದರು. ಕೊನೆಗೆ ಅವರು ಒಂದು ಗಡಿಗೆ ಗಟ್ಟಿ ಮೊಸರು ಇಟ್ಟು ಬಂದರು.

ಗುರುಸಿದ್ದಪ್ಪ ಮಾಸ್ತರು ಕೋಲೂರಿಕೊಂಡು ಬಂದು ಸಾಲಿನಲ್ಲಿ ನಿಂತಿದ್ದರು. ಫೋನಿನಲ್ಲಿ ಕೇಳಿದ ದನಿಗೆ ಎದುರಿಗಿದ್ದ ಸಣಕಲು ದೇಹ ಹೊಂದುತ್ತಲೇ ಇರಲಿಲ್ಲ.

"ಹದಿನಾರು ವರ್ಷ ಆ ಹೆಣ್ಮಗಳಿಗೆ ಬೈದೀನ್ರಿ," ಎಂದರು ನನಗೆ. "ಆಕಿನ್ನ ಎಬ್ಬಿಸಿ ಕಳಿಸಿದ್ರ ನಾ ಯಾರಿಗೆ ಬೈಯ್ಲಿ?" ಹನ್ನೆರಡು ನಿಮಿಷ ಕಣ್ಣು ಮುಚ್ಚಿ ಕೂತು, ಒಂದು ಬೀಸಣಿಗೆ ಇಟ್ಟು ಬಂದರು. ಇಟ್ಟ ಮೇಲೆ, "ಗಾಳಿ ಅಷ್ಟೇನೂ ಇರ್ಲಿಲ್ಲ," ಎಂದು ನನಗೂ ಸ್ವಲ್ಪ ಬೈದರು.

ಒಟ್ಟು ಮೂವತ್ತೊಂದು ಜನ. ನಲವತ್ತನಾಲ್ಕನೆಯ ದಿನ ಮಧ್ಯಾಹ್ನ ಸಾಲು ಮುಗಿಯಿತು. ಇಷ್ಟು ಕೈಗಳು ಮುಟ್ಟಿದ ಜಾಗ ನಿಲ್ಲುತ್ತದೆಯೋ ಇಲ್ಲವೋ ಎಂದು ಯಾರಾದರೂ ಪರೀಕ್ಷಿಸಬೇಕಿತ್ತು. ಪರೀಕ್ಷಕರು ಅಲ್ಲಿ ಏನನ್ನೂ ಇಡುವಂತಿಲ್ಲ, ನೋಡಿ ಬರಬೇಕು ಅಷ್ಟೇ. ಹನ್ನೊಂದು ವರ್ಷದಲ್ಲಿ ನನ್ನ ಸಮುದ್ರ ಬಿಟ್ಟು ಬೇರೆಯವರ ಜಾಗಕ್ಕೆ ನಾನು ಹೋದದ್ದೇ ಇಲ್ಲ. ಮಂಚದ ಮೇಲೆ ಕೂತು ಪಟ್ಟಿ ಕಟ್ಟಿಕೊಂಡೆ.

ಏಣಿ ಹತ್ತಿದೆ. ಬರಿಗಾಲಿಗೆ ಮಣ್ಣು ಬೆಚ್ಚಗಿತ್ತು. ಕೌದಿ, ಹೂಜಿ, ಶಾವಿಗೆ, ಮೊಸರಿನ ಗಡಿಗೆ, ಮಲ್ಲಿಗೆಯ ಒಂದು ಮೊಳ, ಬಾಳೆಲೆಯಲ್ಲಿ ಸುತ್ತಿದ ಏನೋ ಒಂದು, ಯಾರದೋ ಪುಟ್ಟ ರೇಡಿಯೋ. ಜನ ಯಾರೂ ಇರಲಿಲ್ಲ. ಆದರೆ ಈಗಷ್ಟೇ ಎದ್ದು ಹೋದವರ ಬಿಸಿ ಕೌದಿಯಲ್ಲಿತ್ತು. ನಾನು ಲೆಕ್ಕ ಹಾಕುತ್ತ ಒಂದು ಸುತ್ತು ಬಂದೆ. ಎಲ್ಲ ಗಟ್ಟಿಯಾಗಿತ್ತು. ಕೆಲಸ ಮುಗಿದಿತ್ತು, ಇಳಿಯಬಹುದಿತ್ತು. ಸ್ವಲ್ಪ ಕೂತು ಹೋಗೋಣ ಎಂದು ಕೌದಿಯ ಅಂಚಿಗೆ ಕೂತೆ. ಆಮೇಲೆ ನಡುವಿಗೆ ಸರಿದೆ. ಪಟ್ಟಿ ಪೀಂಗುಟ್ಟಿ ಸಮಯ ಮುಗಿಯಿತೆಂದಾಗ ನನಗೆ ಸಿಟ್ಟು ಬಂತು. ಕಣ್ಣು ಬಿಟ್ಟು ನೋಡಿದರೆ ನನ್ನ ಎದೆಬಡಿತ ಐವತ್ತೊಂಬತ್ತಕ್ಕೆ ಇಳಿದಿತ್ತು. ನನ್ನ ಸಮುದ್ರ ಎಂದೂ ಅದನ್ನು ಅರವತ್ತೆಂಟಕ್ಕಿಂತ ಕೆಳಗೆ ತಂದಿರಲಿಲ್ಲ. ಯಾರಿಗೂ ಹೇಳದೆ ಅಂಕಿಯನ್ನು ಬರೆದುಕೊಂಡೆ.

ನಲವತ್ತೈದನೆಯ ದಿನ ಸಂಜೆ ನೀಲಕ್ಕ ಪಾಳಿ ಮುಗಿಸಿ ಬಂದಾಗ ಮುಖ ಕಳೆಗುಂದಿತ್ತು. ಆ ದಿನ ಮುನ್ನೂರ ನಲವತ್ತು ಫೋನು ಬಂದಿದ್ದವಂತೆ. ವೈದ್ಯರು ಪ್ರಯೋಗಾಲಯಕ್ಕೇ ಬಂದು ಕೂತಿದ್ದರು. ನೀಲಕ್ಕ ಕೂತ ಕೂಡಲೇ ಅವರ ತೋಳಿಗೆ ಒತ್ತಡ ಅಳೆಯುವ ಪಟ್ಟಿ ಸುತ್ತಿ ನೋಡಿದರು, ನೂರಾ ಅರವತ್ತೆಂಟು. ಹಾಗೆ ನೋಡುವಂತಿಲ್ಲ, ಮೊದಲು ಹನ್ನೆರಡು ನಿಮಿಷ ಕೊಡಿ ಎಂದು ನಾನು ತಡೆದೆ. ಅವರು ಕೊಟ್ಟ ಗಡುವಿನ ಕಾಗದದಲ್ಲಿಯೂ ಹಾಗೇ ಬರೆದಿತ್ತು.

"ಬರೀ ಮಣ್ಣು ನೋಡ್ಲಿಕ್ಕ ಹನ್ನೆರಡು ನಿಮಿಷ ಯಾಕ್ರಿ?" ಎಂದು ನೀಲಕ್ಕ ನಿಟ್ಟುಸಿರಿಟ್ಟು ಕಣ್ಣು ಮುಚ್ಚಿದರು.

ಮೊದಲ ಅರ್ಧ ನಿಮಿಷ ಏನೂ ಆಗಲಿಲ್ಲ. ಆಮೇಲೆ ಅವರ ಹುಬ್ಬು ಮೇಲಕ್ಕೆ ಹೋಯಿತು. ಬಾಯಿ ತೆರೆಯಿತು. ಮುಚ್ಚಿದ ಕಣ್ಣಿನಿಂದ ನೀರು ಇಳಿಯತೊಡಗಿತು, ಅದರ ಜೊತೆಗೇ ಜೋರಾಗಿ ನಗು ಬಂತು. ವೈದ್ಯರು ಗಾಬರಿಯಿಂದ ನನ್ನತ್ತ ನೋಡಿದರು. ಸುಮ್ಮನಿರಿ ಎಂದು ಕೈಸನ್ನೆ ಮಾಡಿದೆ. ನಗು ನಿಧಾನಕ್ಕೆ ಮುಗುಳ್ನಗೆಯಾಯಿತು. ಹೆಗಲು ಸಡಿಲಾಯಿತು. ಒಂದು ಸಲ ಕೈ ಮುಂದೆ ಮಾಡಿ ಗಾಳಿಯಲ್ಲೇ ಲೋಟ ಎತ್ತಿ ಕುಡಿದರು. ಎಂಟನೆಯ ನಿಮಿಷಕ್ಕೆ ಮಗ್ಗುಲು ಹೊರಳಿ, ಕೌದಿಯ ಮೇಲೆ ಮಲಗಿದಂತೆ ಕೆನ್ನೆಯ ಕೆಳಗೆ ಕೈ ಇಟ್ಟುಕೊಂಡರು.

ಹನ್ನೆರಡು ನಿಮಿಷದ ಮೇಲೆ ವೈದ್ಯರು ಮೂರು ಸಲ ನೋಡಿದರು. ನೂರಾ ಮೂವತ್ತೆರಡು. ನೂರಾ ಮೂವತ್ತು. ನೂರಾ ಮೂವತ್ತು. ಕಾಗದಕ್ಕೆ ಸಹಿ ಹಾಕಿದರು. ಬಾಗಿಲ ಹೊರಗೆ ಕಿವಿಗೊಟ್ಟು ನಿಂತಿದ್ದ ರಾಚಪ್ಪ ಮತ್ತು ಜೈತುನಬಿ ಒಮ್ಮೆಲೇ ಕೂಗಿದ್ದು ಕೇಳಿ ಇಡೀ ಪ್ರಯೋಗಾಲಯದವರು ಎದ್ದು ಬಂದರು. ನಾನು ವರದಿಯಲ್ಲಿ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದು, ನನ್ನ ಎರಡೂ ನಿಯಮಗಳ ಮೇಲೆ ಗೆರೆ ಎಳೆದೆ. ಅದನ್ನು ಯಾರು ಒಪ್ಪುತ್ತಾರೋ ಬಿಡುತ್ತಾರೋ, ನಾಳೆ ಬೆಳಿಗ್ಗೆ ನೀಲಕ್ಕ ತಮ್ಮ ಕುರ್ಚಿಯಲ್ಲಿ ಕೂರುತ್ತಾರೆ ಎಂಬುದಷ್ಟೇ ಆಗ ನನಗೆ ಮುಖ್ಯವಾಗಿತ್ತು.

ಎಲ್ಲರೂ ಪೇಡೆ ತಿನ್ನುವಾಗ ನೀಲಕ್ಕ ನನ್ನ ಪಕ್ಕಕ್ಕೆ ಬಂದರು. ಕಣ್ಣು ಇನ್ನೂ ಒದ್ದೆಯಾಗಿತ್ತು.

"ಮೂವತ್ತೊಂದು ಮಂದಿ ಅಂದ್ರಲ್ಲ, ಎಲ್ಲಾರ ವಸ್ತು ನೋಡಿದೆ. ಬೀಸಣಿಗಿ ಮಾಸ್ತರದ್ದಂತ ಹಿಡದ ಕೂಡಲೇ ಗೊತ್ತಾತು. ಆದ್ರ ಏಣಿ ಬುಡಕ ಒಂದು ಜೋಡು ಚಪ್ಪಲಿ ಅದಾವರಿ. ಹಿಮ್ಮಡಿ ಒಂದು ಬಾಜೂಕ ಸವದಾವ. ನಿಮ್ವೇ ಅಲ್ಲೇನ್ರಿ ಅವು?"

ನಾನು ಕೆಳಗೆ ನನ್ನ ಕಾಲು ನೋಡಿಕೊಂಡೆ. "ನಾನು ಬರೀ ಪರೀಕ್ಷೆಗೆ ಹೋಗಿದ್ದೆ ನೀಲಕ್ಕ. ಅಲ್ಲಿ ಏನನ್ನೂ ಬಿಟ್ಟು ಬಂದಿಲ್ಲ."

"ಬಿಟ್ಟು ಬಂದೀರಿ ಅಂತ ನಾ ಎಲ್ಲಿ ಅಂದೆ?" ಎಂದು ಅವರು ಇನ್ನೊಂದು ಪೇಡೆಯನ್ನು ನನ್ನ ಕೈಗೆ ಹಾಕಿದರು. "ಉಳದವ್ರೆಲ್ಲ ವಸ್ತು ಇಟ್ಟು, ಚಪ್ಪಲಿ ಮೆಟ್ಕೊಂಡು ಹೋಗ್ಯಾರ. ನಿಮ್ಮ ಚಪ್ಪಲಿ ಅಲ್ಲೇ ಅದಾವಂದ್ರ, ನೀವಿನ್ನ ಕೆಳಗೇ ಇಳದಿಲ್ಲ."